ಹರಾಜಿಗೆ ಕೊಡುವ ಮುನ್ನ ಹಳೆಯ ಕಾರಿಗೆ ಬಣ್ಣ ಹೊಡೆಸಬೇಕೇ, ರತ್ನಗಂಬಳಿ ತೊಳೆಸಬೇಕೇ?

ಪ್ರಶ್ನೆ: ನಮ್ಮ ತಾತ ಓಡಿಸುತ್ತಿದ್ದ ಮಾರಿಸ್ ಮೈನರ್ ಕಾರು ಇಪ್ಪತ್ತು ವರ್ಷಗಳಿಂದ ಊರಿನ ಮನೆಯ ಕೊಟ್ಟಿಗೆಯಲ್ಲಿ ನಿಂತಿದೆ. ಹಿಂದೆ ಹಜಾರದಲ್ಲಿ ಹಾಸುತ್ತಿದ್ದ ದೊಡ್ಡ ರತ್ನಗಂಬಳಿಯೊಂದನ್ನು ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಈಗ ಮನೆ ಮಾರಬೇಕಾಗಿ ಬಂದಿರುವುದರಿಂದ ಎರಡನ್ನೂ ಹರಾಜಿಗೆ ಕೊಡುವ ಯೋಚನೆ ಇದೆ. ಕಾರಿಗೆ ಹೊಸ ಬಣ್ಣ ಹೊಡೆಸಿ, ಕಂಬಳಿಯನ್ನು ಚೆನ್ನಾಗಿ ತೊಳೆಸಿ ಕೊಟ್ಟರೆ ಹೆಚ್ಚಿನ ಬೆಲೆ ಬರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಿಸಬೇಡಿ. ಕನಿಷ್ಠ ಪಕ್ಷ, ತಿಳಿದವರೊಬ್ಬರು ಬಂದು ಎರಡನ್ನೂ ಕಣ್ಣಾರೆ ನೋಡುವ ತನಕ ಮಾಡಿಸಬೇಡಿ. ಮಗಳ ಮದುವೆಗೆ ಮನೆಗೆ ಸುಣ್ಣ ಬಣ್ಣ ಮಾಡಿಸುವ ಹಾಗೆ, ಮಾರುವ ವಸ್ತುವನ್ನು ಹೊಸದಾಗಿ ಕಾಣಿಸಬೇಕು ಎಂಬ ಆಸೆ ಸಹಜ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದು ನಡೆಯುತ್ತದೆ. ಹಳೆಯ ವಸ್ತುಗಳ ಹರಾಜಿನಲ್ಲಿ ಕೊಳ್ಳುವವರು ಹುಡುಕುವುದು ಬೇರೆಯದನ್ನು. ಕಾರ್ಖಾನೆ ಅಥವಾ ಮಗ್ಗ ಬಿಟ್ಟ ದಿನ ಇದ್ದದ್ದರಲ್ಲಿ ಇಂದಿಗೂ ಎಷ್ಟು ಉಳಿದಿದೆ ಎಂಬುದನ್ನು ಅವರು ನೋಡುತ್ತಾರೆ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು. ಕೆರೆದು ತೆಗೆದ ಹಳೆಯ ಬಣ್ಣವನ್ನು ಮರಳಿ ತರಲು ಯಾರಿಗೂ ಸಾಧ್ಯವಿಲ್ಲ.

ಮೊದಲು ಕಾರಿನ ವಿಷಯ. 2015ರ ಫೆಬ್ರವರಿ 6ರಂದು ಪ್ಯಾರಿಸ್‌ನಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ನಡೆಸಿದ ಹರಾಜು ಇದಕ್ಕೆ ಒಳ್ಳೆಯ ಉದಾಹರಣೆ. ರೋಜೆ ಬಯೋಂ ಎಂಬ ಸಾರಿಗೆ ಉದ್ಯಮಿ 1950-60ರ ದಶಕಗಳಲ್ಲಿ ಕೊಂಡು ಕೂಡಿಟ್ಟಿದ್ದ ಕಾರುಗಳು ಫ್ರಾನ್ಸಿನ ಪಶ್ಚಿಮ ಭಾಗದ ಜಮೀನೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ದಶಕಗಟ್ಟಲೆ ಹಾಗೆಯೇ ಬಿದ್ದಿದ್ದವು. ಅವುಗಳ ನಡುವೆ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಕೂಡ ಇತ್ತು. ಒಂದು ಕಾಲದಲ್ಲಿ ನಟ ಅಲೈನ್ ಡೆಲಾನ್ ಅವರ ಬಳಿಯಿದ್ದ ಆ ಕಾರಿನ ಮೇಲೆ ಹಳೆಯ ಪತ್ರಿಕೆಗಳ ರಾಶಿಯನ್ನೇ ಪೇರಿಸಿದ್ದರು. ಹರಾಜಿನವರು ಪತ್ರಿಕೆಗಳನ್ನು ಎತ್ತಿದರು. ಧೂಳನ್ನು ಮಾತ್ರ ಒರೆಸಲಿಲ್ಲ. ಆ ಧೂಳಿನ ಸಮೇತವೇ ಕಾರು ಸುಮಾರು 1.63 ಕೋಟಿ ಯುರೋಗೆ ಮಾರಾಟವಾಯಿತು. ತೊಳೆದು ಮೆರುಗು ಕೊಡಿಸುವುದು ಅವರಿಗೆ ಒಂದು ವಾರದ ಕೆಲಸವಾಗಿತ್ತು. ಮುಂದೆ ಏನು ಮಾಡಬೇಕೆಂಬ ತೀರ್ಮಾನವನ್ನು ಅವರು ಕೊಳ್ಳುವವರಿಗೇ ಬಿಟ್ಟುಕೊಟ್ಟರು.

ಇನ್ನೊಂದು ಉದಾಹರಣೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯದು. 1934ರ ಬೆಲ್ಜಿಯನ್ ಗ್ರ್ಯಾನ್ ಪ್ರಿ ಗೆದ್ದ ಬುಗಾಟ್ಟಿ ಟೈಪ್ 59 ರೇಸ್ ಕಾರು ಮುಂದೆ ಬೆಲ್ಜಿಯಂನ ದೊರೆ ಮೂರನೆಯ ಲಿಯೊಪೋಲ್ಡ್ ಕೈ ಸೇರಿತು. ಕಪ್ಪು ಬಣ್ಣ, ಅದರ ಮೇಲೆ ಹಳದಿ ಪಟ್ಟೆ. ಆ ಬಣ್ಣ ಇಂದು ಬಿರುಕುಬಿಟ್ಟಿದೆ, ಅಲ್ಲಲ್ಲಿ ಚಕ್ಕೆ ಎದ್ದಿದೆ. 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ಕಾರಿಗೆ 95 ಲಕ್ಷ ಪೌಂಡ್‌ಗೂ ಹೆಚ್ಚು ಬೆಲೆ ಬಂತು. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಅತ್ಯುತ್ತಮ ಕಾರು ಎಂಬ ಪ್ರಶಸ್ತಿಯೂ ಸಿಕ್ಕಿತು. 1950ರಿಂದ ನಡೆದುಬಂದ ಆ ಪ್ರದರ್ಶನದಲ್ಲಿ ಪುನರ್‌ನವೀಕರಣ ಕಾಣದೆ ಹಾಗೆಯೇ ಕಾಪಾಡಿಕೊಂಡು ಬಂದ ಕಾರೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಅದಕ್ಕೂ ಹಿಂದೆ ಕನ್ನಡಿಯಂತೆ ಹೊಳೆಯುವ ಕಾರುಗಳೇ ಗೆಲ್ಲುತ್ತಿದ್ದವು. ಅಭಿರುಚಿ ಹೇಗೆ ತಿರುಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ನಿಮ್ಮ ಮಾರಿಸ್ ಮೈನರ್ ಬುಗಾಟ್ಟಿ ಅಲ್ಲ, ನಿಜ. ಸಾವಿರಗಟ್ಟಲೆ ತಯಾರಾದ ಕಾರುಗಳಲ್ಲಿ ಬರೀ ಹಳತನಕ್ಕೆ ಯಾರೂ ರಾಶಿ ಹಣ ಸುರಿಯುವುದಿಲ್ಲ. ಹಾಗಿದ್ದರೂ ನನ್ನ ಸಲಹೆ ಅದೇ, ಏಕೆಂದರೆ ಸಾಧಾರಣ ಕಾರಿನ ವಿಷಯದಲ್ಲಿ ಬಣ್ಣಕ್ಕೆ ಹಾಕಿದ ದುಡ್ಡು ಹೊರಳಿ ಬರುವುದೇ ಅಪರೂಪ. ಅಗ್ಗದ ಬಣ್ಣ ಹೊಡೆಸಿದ ಕಾರನ್ನು ನೋಡಿದ ಕೂಡಲೇ ಕೊಳ್ಳುವವರಿಗೆ ಹುಟ್ಟುವ ಮೊದಲ ಅನುಮಾನ, ಕೆಳಗೆ ತುಕ್ಕು ಮುಚ್ಚಿದ್ದಾರೆಯೇ ಎಂಬುದು. ಅನುಭವಿಗಳು ಜೇಬಿನಲ್ಲಿ ಸಣ್ಣ ಅಯಸ್ಕಾಂತವನ್ನೇ ಇಟ್ಟುಕೊಂಡು ಬರುತ್ತಾರೆ. ಪುಟ್ಟಿ ತುಂಬಿದ ಜಾಗದಲ್ಲಿ ಅದು ಹಿಡಿಯುವುದಿಲ್ಲ.

ಚಿಕ್ಕಮಗಳೂರು ಕಡೆಯ ತೋಟದ ಮನೆಯೊಂದರಲ್ಲಿ ಕಂಡ ಆಸ್ಟಿನ್ ಕಾರು ನೆನಪಾಗುತ್ತದೆ. ಹೊರಗೆಲ್ಲ ಕಣ್ಣು ಕೋರೈಸುವ ಕೆಂಪು. ಬಾಗಿಲು ತೆರೆದಾಗ ಕೀಲಿನ ಸಂದಿಯಲ್ಲಿ ಬೆರಳಗಲದಷ್ಟು ಮೂಲ ಬೂದುಬಣ್ಣ ಉಳಿದಿತ್ತು. ಬಣ್ಣ ಸಿಂಪಡಿಸುವ ನಳಿಗೆ ಅಲ್ಲಿಗೆ ತಲುಪಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎರಡು ಸಣ್ಣ ತೂತುಗಳಿದ್ದವು. ಆ ಕಾರನ್ನು ಮಾರಿದ ಡೀಲರ್‌ನ ಹಿತ್ತಾಳೆ ಫಲಕ ಅಲ್ಲಿತ್ತಂತೆ. ಬಣ್ಣ ಹೊಡೆಯುವಾಗ ಬಿಚ್ಚಿಟ್ಟವರು ಎಲ್ಲೋ ಎಸೆದರು. ಆ ಬೂದುಬಣ್ಣವನ್ನೂ ಆ ತೂತುಗಳನ್ನೂ ನೋಡುತ್ತ ಮನೆಯ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಕಾರಿಗೆ ಏನು ಮಾಡಬೇಕು? ಸೋರುವ ಮಾಡು, ಇಲಿ, ನೆಲದ ತೇವ, ಇವುಗಳಿಂದ ಅದನ್ನು ಮೊದಲು ಬಿಡಿಸಿ. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿದ್ದರೆ ವೈರುಗಳನ್ನೂ ಕಡಿದಿರುತ್ತದೆ. ಗಾಡಿ ಚಾಲೂ ಆಗುತ್ತದೆಯೇ ನೋಡೋಣವೆಂದು ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಇಪ್ಪತ್ತು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿರಬಹುದು, ಟ್ಯಾಂಕಿನ ಪೆಟ್ರೋಲ್ ಅಂಟಿನಂತಾಗಿರುತ್ತದೆ. ತಿಳಿದ ಮೆಕ್ಯಾನಿಕ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಆಮೇಲೆ ಕೈಯಿಂದ ನಿಧಾನವಾಗಿ ತಿರುಗಿಸುತ್ತಾನೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬರೆದುಕೊಂಡು ಆರ್‌ಸಿ ಪುಸ್ತಕದೊಂದಿಗೆ ಹೋಲಿಸಿ. ಎರಡೂ ತಾಳೆಯಾದರೆ ಅದೇ ನಿಮ್ಮ ದೊಡ್ಡ ಆಸ್ತಿ. ಆರ್‌ಸಿ ಕಳೆದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ, ಅಂದರೆ ಅಲ್ಲಿನ ನೋಂದಣಿ ದಾಖಲೆಯ ಪ್ರತಿಗೆ, ಅರ್ಜಿ ಹಾಕಿ.

ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಆ ವರ್ಗಕ್ಕೆ ಸೇರುತ್ತವೆ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿದ್ದರೆ ಅರ್ಹತೆಯೇ ಇಲ್ಲ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಹಳೆಯ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳ ನಂಬರ್ ಪ್ಲೇಟ್ ನಿಮ್ಮ ಕಾರಿನಲ್ಲಿದ್ದರೆ ಅದನ್ನು ತೆಗೆಯಲು ಯಾರಿಗೂ ಬಿಡಬೇಡಿ.

ಈಗ ರತ್ನಗಂಬಳಿ. ನನ್ನ ನಿಜವಾದ ಆತಂಕ ಇದರದೇ, ಏಕೆಂದರೆ ಕಾರು ಕೆಡಲು ತಿಂಗಳುಗಳು ಬೇಕು, ಕಂಬಳಿ ಕೆಡಲು ಒಂದು ಬಕೆಟ್ ನೀರು, ಒಂದು ಹಿಡಿ ಸೋಪಿನ ಪುಡಿ ಸಾಕು.

ಮೊದಲಿಗೆ ಅದನ್ನು ಮಗುಚಿ ಹಾಕಿ. ಬೆಲೆ ಬರೆದಿರುವುದು ಬೆನ್ನ ಮೇಲೆ. ಕೈಯಲ್ಲಿ ನೇಯ್ದ ರತ್ನಗಂಬಳಿಯ ಹಿಂಬದಿಯಲ್ಲಿ ಒಂದೊಂದು ಗಂಟೂ ಸಣ್ಣ ಮಣಿಯ ಹಾಗೆ ಎದ್ದು ಕಾಣುತ್ತದೆ, ಮುಂಬದಿಯ ಚಿತ್ತಾರವೇ ಅಲ್ಲಿ ಇನ್ನಷ್ಟು ಸ್ಪಷ್ಟವಾಗಿರುತ್ತದೆ. ಅಂಚಿನ ಕುಚ್ಚು ಹಾಸಿನ ದಾರಗಳ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ದಾರಗಳ, ಮುಂದುವರಿಕೆಯೇ ಆಗಿರುತ್ತದೆ; ಯಂತ್ರದ ಕಂಬಳಿಯಲ್ಲಿ ಅದನ್ನು ಆಮೇಲೆ ಹೊಲಿದಿರುತ್ತಾರೆ. ಗಂಟುಗಳೇ ಇಲ್ಲದೆ ಎರಡೂ ಬದಿ ಒಂದೇ ಸಮ, ಚಪ್ಪಟೆಯಾಗಿ, ಹತ್ತಿಯದಾಗಿದ್ದರೆ ನಿಮ್ಮದು ರತ್ನಗಂಬಳಿಯಲ್ಲ, ಜಮಖಾನ. ಹಾಗೆಂದು ಮೂಲೆಗೆ ತಳ್ಳಬೇಡಿ. ಪಗಡೆ ಹಾಸಿನ ಅಥವಾ ನವಿಲಿನ ಚಿತ್ತಾರವಿದ್ದರೆ ಅದು ನವಲಗುಂದದ ಹೆಣ್ಣುಮಕ್ಕಳು ನೇಯ್ದದ್ದಿರಬಹುದು. ಆ ನೇಯ್ಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಇಂದು ಅದನ್ನು ನೇಯುವ ಕೈಗಳು ಬಹಳ ಕಡಿಮೆ.

ಇನ್ನು ಮೇಲ್ಮೈಯನ್ನು ಬೆರಳಿಂದ ಸವರಿ ನೋಡಿ. ಕಪ್ಪು ಅಥವಾ ಕಡುಕಂದು ಗೆರೆಗಳ ಜಾಗದಲ್ಲಿ ಉಣ್ಣೆ ತಗ್ಗಿದ್ದು, ಕೆಂಪು, ನೀಲಿ ಭಾಗಗಳು ಉಬ್ಬುಚಿತ್ರದ ಹಾಗೆ ಎತ್ತರಕ್ಕೆ ನಿಂತಿವೆಯೇ? ಹಾಗಿದ್ದರೆ ಸಂತೋಷಪಡಿ. ಹಿಂದಿನ ಕಾಲದಲ್ಲಿ ಕಪ್ಪು ಬಣ್ಣ ಹಿಡಿಸಲು ಕಬ್ಬಿಣದ ಅಂಶ ಬೆರೆಸುತ್ತಿದ್ದರು. ಆ ಕಬ್ಬಿಣ ದಶಕಗಳ ಕಾಲ ಉಣ್ಣೆಯನ್ನು ಸದ್ದಿಲ್ಲದೆ ತಿನ್ನುತ್ತದೆ. ಮಂಜಿಷ್ಠ ಬೇರಿನ ಕೆಂಪಿಗೂ ನೀಲಿ ಗಿಡದ ನೀಲಿಗೂ ಆ ತೊಂದರೆಯಿಲ್ಲ. ಆದ್ದರಿಂದ ಈ ಸವಕಳಿ ವಯಸ್ಸಿನ ಗುರುತು. ಅದನ್ನು ಕಂಡು ‘ಹುಳ ತಿಂದಿದೆ’ ಎಂದು ಹೊಸ ಕಪ್ಪು ಉಣ್ಣೆ ತುಂಬಿಸಿದ ಮನೆಗಳಿವೆ. ಇದಕ್ಕಿಂತ ಕೆಟ್ಟದ್ದು ಸವೆದ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ತುಂಬುವುದು. ಹರಾಜಿನ ಪರಿಣತರು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಮ್ಮೆ ಒತ್ತಿದರೆ ಗುಟ್ಟು ರಟ್ಟಾಗುತ್ತದೆ.

ತೊಳೆಯುವುದರಲ್ಲಿ ತೊಂದರೆ ಎಲ್ಲಿದೆ ಎಂದರೆ, ಎಲ್ಲ ಬಣ್ಣಗಳೂ ಒಂದೇ ಗುಣದವಲ್ಲ. 1856ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣ ಕಂಡುಹಿಡಿದ ಮೇಲೆ ರಾಸಾಯನಿಕ ಬಣ್ಣಗಳು ನೇಕಾರರ ಕೈಗೂ ಬಂದವು. ಆರಂಭದ ಅಂಥ ಬಣ್ಣಗಳಲ್ಲಿ ಹಲವು ನೀರು ಕಂಡರೆ ಬಿಡುತ್ತವೆ. ಒಂದೇ ಕಂಬಳಿಯಲ್ಲಿ ಗಟ್ಟಿ ಬಣ್ಣವೂ ಬಿಡುವ ಬಣ್ಣವೂ ಪಕ್ಕಪಕ್ಕದಲ್ಲಿ ಇರುವುದುಂಟು. ಒಮ್ಮೆ ಕೆಂಪು ಹರಿದು ಬಿಳಿಯ ಮೇಲೆ ನಿಂತರೆ ಮುಗಿಯಿತು. ಅಂಗಡಿಯಲ್ಲಿ ಸಿಗುವ ಡಿಟರ್ಜೆಂಟ್ ಉಣ್ಣೆಯ ಸಹಜ ಜಿಡ್ಡನ್ನೂ ಹೊಳಪನ್ನೂ ತೆಗೆದುಬಿಡುತ್ತದೆ. ನೀವು ಮಾಡಬಹುದಾದದ್ದು ಇಷ್ಟೇ: ನೆರಳಿನಲ್ಲಿ ಹರಡಿ, ಬೆನ್ನ ಕಡೆಯಿಂದ ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ನುಸಿಯ ಮೊಟ್ಟೆ ಇದೆಯೇ ನೋಡಿ, ಮಡಿಸದೆ ಕೊಳವೆಯಂತೆ ಸುತ್ತಿಡಿ. ಮಡಿಕೆಯ ಗೆರೆಯಲ್ಲೇ ಹಳೆಯ ಹಾಸುದಾರ ಕಡಿಯುತ್ತದೆ.

ದುರಸ್ತಿ ಎಂಬ ಒಳ್ಳೆಯ ಉದ್ದೇಶ ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ಅರ್ದಬಿಲ್ ಕಂಬಳಿಗಳ ಕಥೆ ಕೇಳಿ. 1539-40ರ ಸುಮಾರಿಗೆ ಇರಾನಿನಲ್ಲಿ ನೇಯ್ದ ಜೋಡಿ ಅದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವ್ಯಾಪಾರಿಗಳ ಕೈಗೆ ಬಂದಾಗ ಎರಡೂ ಹಾಳಾಗಿದ್ದವು. ಒಂದನ್ನು ಕತ್ತರಿಸಿ ಅದರ ತುಂಡುಗಳಿಂದ ಇನ್ನೊಂದಕ್ಕೆ ತೇಪೆ ಹಾಕಿದರು. ಪೂರ್ಣವಾಗಿ ಕಾಣುವುದನ್ನು 1893ರಲ್ಲಿ 2,000 ಪೌಂಡ್‌ಗೆ ಕೊಂಡದ್ದು ಲಂಡನ್ನಿನ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ. ಅಂಚು ಕಳೆದುಕೊಂಡ ಇನ್ನೊಂದು ಇಂದು ಲಾಸ್ ಏಂಜಲೀಸ್‌ನಲ್ಲಿದೆ. ಲಂಡನ್ನಿನದು ಅದ್ಭುತವಾಗಿದೆ, ಒಪ್ಪುತ್ತೇನೆ. ಆದರೆ ಅದನ್ನು ನೆನೆದಾಗಲೆಲ್ಲ ನನಗೆ ಕತ್ತರಿಗೆ ಸಿಕ್ಕ ಅದರ ಜೊತೆಗಾರನ ನೆನಪೇ ಮೊದಲು ಬರುತ್ತದೆ.

ತೊಳೆಸುವುದಕ್ಕೆ ಇಟ್ಟ ದುಡ್ಡನ್ನು ತೋರಿಸುವುದಕ್ಕೆ ಖರ್ಚು ಮಾಡಿ. ಜರ್ಮನಿಯ ಆಗ್ಸ್‌ಬರ್ಗ್ ನಗರದ ಹರಾಜೊಂದಕ್ಕೆ ಮಹಿಳೆಯೊಬ್ಬರು ಕಂಬಳಿಯೊಂದನ್ನು ಕೊಟ್ಟಿದ್ದರು. ಅಲ್ಲಿನವರು ಹಾಕಿದ ಅಂದಾಜು ಬೆಲೆ 900 ಯುರೋ. 2009ರಲ್ಲಿ ಅದು 19,700 ಯುರೋಗೆ ಹೋಯಿತು; ಕೊಟ್ಟವರಿಗೆ ಸಂಭ್ರಮವೇ ಆಗಿರಬೇಕು. ಮರುವರ್ಷದ ಏಪ್ರಿಲ್‌ನಲ್ಲಿ ಅದೇ ಕಂಬಳಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಕಾಣಿಸಿಕೊಂಡಿತು. ಅದು 17ನೇ ಶತಮಾನದಲ್ಲಿ ಇರಾನಿನ ಕಿರ್ಮಾನ್‌ನಲ್ಲಿ ನೇಯ್ದದ್ದೆಂದೂ ಪ್ಯಾರಿಸ್‌ನ ಕೌಂಟೆಸ್ ದ ಬೆಹಾಗ್ ಅವರ ಸಂಗ್ರಹದಲ್ಲಿತ್ತೆಂದೂ ಗುರುತಿಸಿದ್ದರು. ಬೆಲೆ 62 ಲಕ್ಷ ಪೌಂಡ್. ಕಂಬಳಿಯ ಒಂದೇ ಒಂದು ಎಳೆ ಬದಲಾಗಿರಲಿಲ್ಲ. ನೋಡಿದ ಕಣ್ಣು ಬದಲಾಗಿತ್ತು. ಮಹಿಳೆ ಆಗ್ಸ್‌ಬರ್ಗ್‌ನ ಹರಾಜಿನವರಿಂದ ನಷ್ಟ ಪರಿಹಾರ ಕೇಳಿ ಕೋರ್ಟಿಗೆ ಹೋದರು, ಆಗ್ಸ್‌ಬರ್ಗ್ ನ್ಯಾಯಾಲಯ 2012ರಲ್ಲಿ ಅವರ ದಾವೆಯನ್ನು ತಳ್ಳಿಹಾಕಿತು. ಎಲ್ಲ ಬಗೆಯ ಸಾಮಾನು ಮಾರುವ ಹರಾಜಿನವರಿಗೂ ಕಂಬಳಿಯನ್ನೇ ಬಲ್ಲ ಪರಿಣತರಿಗೂ ಇರುವ ಅಂತರ ಅಷ್ಟು ದೊಡ್ಡದು. ಹಾಗಾಗಿ ಎರಡು ಕಡೆ ತೋರಿಸದೆ ಸಹಿ ಹಾಕಬೇಡಿ.

ನಿಮ್ಮ ಕಂಬಳಿ ನೂರು ವರ್ಷ ದಾಟಿದ್ದರೆ ಒಂದು ಕಟ್ಟುಪಾಡು ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಅಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬರೋಡದ ಹೆಸರಾಂತ ಮುತ್ತಿನ ಕಂಬಳಿ ಅದಕ್ಕೂ ಬಹಳ ಮೊದಲೇ ಮೊನಾಕೊ ಸೇರಿದ್ದರಿಂದ 2009ರಲ್ಲಿ ದೋಹಾದ ಹರಾಜಿಗೆ ಬಂತು. ನಿಮ್ಮದನ್ನು ದೇಶದೊಳಗಿನ ಹರಾಜಿಗೇ ಕೊಡಬೇಕು. ಒಪ್ಪಂದದಲ್ಲಿ ಮಾರುವವರಿಂದ ಎಷ್ಟು ಕಮಿಷನ್ ಹಿಡಿಯುತ್ತಾರೆ, ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ ಎಷ್ಟು, ಮಾರಾಟವಾಗದಿದ್ದರೆ ವಾಪಸು ಸಾಗಿಸುವ ಖರ್ಚು ಯಾರದು, ಇವು ಬರಹದಲ್ಲೇ ಇರಲಿ.

ಕಾರಿಗೂ ಕಂಬಳಿಗೂ ಸಮಾನವಾಗಿ ಬೆಲೆ ತರುವುದು ಅವುಗಳ ಹಿನ್ನೆಲೆಯ ದಾಖಲೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಕಾರ್ ರೇಸ್ ಗೆದ್ದ ಬೆಂಟ್ಲಿಯ ‘ಓಲ್ಡ್ ನಂಬರ್ ಒನ್’ ಕಾರಿನ ಬಗ್ಗೆ 1990ರಲ್ಲಿ ಲಂಡನ್ನಿನಲ್ಲಿ ಮೊಕದ್ದಮೆಯೇ ನಡೆಯಿತು. ಮೂಲ ಭಾಗಗಳು ಹೆಚ್ಚೇನೂ ಉಳಿದಿಲ್ಲ, ಇದು ಅದೇ ಕಾರು ಹೇಗಾಗುತ್ತದೆ ಎಂಬುದು ಕೊಳ್ಳಲು ಒಪ್ಪಿ ಹಿಂದೆ ಸರಿದವರ ವಾದ. ಅದರ ಇತಿಹಾಸ ಎಲ್ಲೂ ಕಡಿಯದೆ ಸಾಗಿ ಬಂದಿದೆ, ಆದ್ದರಿಂದ ಇದು ಅದೇ ಕಾರು ಎಂದು ನ್ಯಾಯಾಧೀಶರು ತೀರ್ಪಿತ್ತರು.

ನಿಮ್ಮ ಮನೆಯ ಇತಿಹಾಸ ಎಲ್ಲಿದೆ ಎಂದು ಬೇರೆಯವರು ಹೇಳಲಾರರು. ಕಾರಿನ ಗ್ಲೋವ್ ಬಾಕ್ಸ್, ಹಳೆಯ ತೆರಿಗೆ ಚೀಟಿಗಳು, ತಾತನ ಲೆಕ್ಕದ ಪುಸ್ತಕ, ಕಂಬಳಿ ಕೊಂಡ ರಸೀದಿ, ಎಲ್ಲವನ್ನೂ ಒಂದು ಪೆಟ್ಟಿಗೆಗೆ ಹಾಕಿ. ಮುಖ್ಯವಾಗಿ ಫೋಟೊಗಳು. ಆ ಹಜಾರದಲ್ಲಿ ನಡೆದ ನಾಮಕರಣದ್ದೋ ನಿಶ್ಚಿತಾರ್ಥದ್ದೋ ಒಂದು ಚಿತ್ರದಲ್ಲಿ ಆ ರತ್ನಗಂಬಳಿ ಕಾಲ ಕೆಳಗೆ ಹಾಸಿರುತ್ತದೆ, ಇನ್ನೊಂದರಲ್ಲಿ ತಾತ ಹೊಸ ಕಾರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಹಿಂಬದಿಯಲ್ಲಿ ಯಾರಾದರೂ ತಾರೀಖು ಬರೆದಿರಬಹುದು. ಮನೆಯ ಬೀಗದ ಕೈ ಬೇರೆಯವರಿಗೆ ಕೊಡುವ ಮುನ್ನ ಆ ಆಲ್ಬಮ್ ಹುಡುಕಿ ತೆಗೆಯಿರಿ.