ಕಲ್ಲುಮನೆಯೋ, ಕಲ್ಲಿನ ಮನೆಯೋ: ಫಿನ್ನೊ-ಉಗ್ರಿಕ್ ನುಡಿಗಳಲ್ಲಿ ನಾಮಪದದ ಮೇಲೆ ನಾಮಪದ

1055ರಲ್ಲಿ ಹಂಗೇರಿಯ ದೊರೆ ಒಂದನೆಯ ಆಂದ್ರಾಶ್ ಬಾಲಾಟನ್ ಸರೋವರದ ದಂಡೆಯ ತಿಹಾನಿ ಮಠಕ್ಕೆ ಬರೆಸಿಕೊಟ್ಟ ದಾನಪತ್ರ ಲ್ಯಾಟಿನ್‌ನಲ್ಲಿದ್ದರೂ, ಭೂಮಿಯ ಎಲ್ಲೆಯನ್ನು ಹೇಳುವಲ್ಲಿ ಲಿಪಿಕಾರ ನಾಡಮಾತಿಗೆ ಹೊರಳಿದ್ದಾನೆ. ಸಂಸ್ಕೃತ ತಾಮ್ರಶಾಸನಗಳ ಗಡಿ ವಿವರ ಕನ್ನಡದಲ್ಲಿರುವುದನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲಿನ ‘ಫೆಹೆರುವಾರು ರೆಆ ಮೆನೆಹ್ ಹೊದು ಉತು ರೆಆ’ ಎಂಬ ಮಾತಿನ ಅರ್ಥ ‘ಫೆಹೆರ್‌ವಾರ್‌ಗೆ (ಅದೊಂದು ಪಟ್ಟಣ) ಹೋಗುವ ದಂಡಿನ ದಾರಿಗೆ’ ಎಂದು. ‘ಹೊದು’ ದಂಡು, ‘ಉತು’ ದಾರಿ. ಕನ್ನಡಿಸುವಾಗ ನಾನು ಸೇರಿಸಿದ ‘ಇನ’ ಪ್ರತ್ಯಯಕ್ಕೆ ಸಮನಾದದ್ದು ಮೂಲದಲ್ಲಿ ಏನೂ ಇಲ್ಲ.

ಹೀಗೆ ಹೆಸರಿನ ಮುಂದೆ ಬರಿಯ ಹೆಸರನ್ನಿಡುವ ರೀತಿ, ಹಂಗೇರಿಯನ್, ಫಿನ್ನಿಶ್, ಎಸ್ಟೋನಿಯನ್ ಮೊದಲಾದವು ಸೇರಿದ ಫಿನ್ನೊ-ಉಗ್ರಿಕ್ ಎಂಬ ಈ ಇಡೀ ನುಡಿಬಳಗದಲ್ಲಿ ಹಳೆಯದು. ಬಳಗದ ನಂಟು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯಕರ: 1769ರಲ್ಲಿ ಶುಕ್ರಸಂಕ್ರಮವನ್ನು ನೋಡಲು ನಾರ್ವೆಯ ವಾರ್ಡೊಗೆ ಹೋಗಿದ್ದ ಹಂಗೇರಿಯ ಖಗೋಳಜ್ಞ ಯಾನೋಶ್ ಶೈನೊವಿಚ್, ಉತ್ತರ ಸ್ಕ್ಯಾಂಡಿನೇವಿಯಾದ ಸಾಮಿ ಮತ್ತು ಹಂಗೇರಿಯನ್ ನುಡಿಗಳ ನಂಟನ್ನು 1770ರಲ್ಲಿ ಪ್ರಕಟಿಸಿದರು; 1799ರಲ್ಲಿ ಹಂಗೇರಿಯ ಭಾಷಾವಿದ್ವಾಂಸ ಶಾಮುಯೆಲ್ ದ್ಯಾರ್ಮತಿ ವ್ಯಾಕರಣದ ಹೋಲಿಕೆಯಿಂದ ಅದನ್ನು ಗಟ್ಟಿಗೊಳಿಸಿದರು.

ಫಿನ್ನಿಶ್‌ನಲ್ಲಿ ‘ಕಿವಿ’ ಎಂದರೆ ಕಲ್ಲು, ‘ತಾಲೊ’ ಎಂದರೆ ಮನೆ. ‘ಕಲ್ಲುಮನೆಯಲ್ಲಿ’ ಎನ್ನಲು ‘ಕಿವಿತಾಲೊಸ್ಸ’ ಸಾಕು, ‘ಕಿವಿ’ ಬದಲಾಗುವುದಿಲ್ಲ. ಅದನ್ನೇ ಗುಣವಾಚಕ ಮಾಡಿ ‘ಕಿವಿನೆನ್’ ಎಂದರೆ ವಿಭಕ್ತಿ ಎರಡೂ ಪದಗಳಿಗೆ ಹತ್ತಿ ‘ಕಿವಿಸೆಸ್ಸ ತಾಲೊಸ್ಸ’ ಆಗುತ್ತದೆ. ಗುಣವಾಚಕವೂ ವಿಭಕ್ತಿ ತಾಳುವ ಈ ರೂಢಿ ಫಿನ್ನಿಶ್, ಎಸ್ಟೋನಿಯನ್‌ಗಳಿರುವ ಫಿನ್ನಿಕ್ ಶಾಖೆಯಲ್ಲಿ ಆಮೇಲೆ ಬೆಳೆದದ್ದು. ಹಂಗೇರಿಯನ್‌ನಲ್ಲಿ ‘ನೊಜ್ ಹಾಜ್‌ಬನ್’ (ದೊಡ್ಡ ಮನೆಯಲ್ಲಿ), ‘ಕೋಹಾಜ್‌ಬನ್’ (ಕಲ್ಲುಮನೆಯಲ್ಲಿ) ಎರಡರಲ್ಲೂ ಮೊದಲ ಪದ ಹಾಗೇ ಉಳಿಯುವುದರಿಂದ, ‘ದೊಡ್ಡ’ಕ್ಕೂ ‘ಕಲ್ಲಿ’ಗೂ ಇರುವ ಭೇದವನ್ನು ಪ್ರತ್ಯಯ ತೋರಿಸಿಕೊಡುವುದಿಲ್ಲ. ನಾಮಪದ, ಗುಣವಾಚಕಗಳ ನಡುವಿನ ಗೆರೆ ಮೊದಲು ತೆಳುವಾಗಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ರಷ್ಯಾದಲ್ಲಿ ಆಡುವ ಮಾರಿ ಭಾಷೆಯ ‘ಕ್ಯು ಪೊರ್ತ್’ ಕೂಡ ಬರಿಯ ‘ಕಲ್ಲು ಮನೆ’ಯೇ. ರಷ್ಯಾದ್ದೇ ಇನ್ನೊಂದು ನುಡಿ ಎರ್ಜ್ಯಾ ಮಾತ್ರ ಮರದ ಮನೆಗೆ ಷಷ್ಠಿಯ ‘ನ್’ ಹಚ್ಚಿ ‘ಚುವ್ತೊನ್ ಕುದೊ’ ಎನ್ನುತ್ತದೆ.

ಒಡೆತನದ ಕಥೆ ಬೇರೆ. ಹಂಗೇರಿಯನ್‌ನ ‘ಕಿರಾಯ್ ಹಾಜ’ ಎಂಬಲ್ಲಿ ಗುರುತು ಬೀಳುವುದು ದೊರೆಯ ಮೇಲಲ್ಲ, ಮನೆಯ ಮೇಲೆ: ‘ದೊರೆ, ಅವನ ಮನೆ’ ಎಂದಂತೆ. ಫಿನ್ನಿಶ್ ಆದರೋ ಷಷ್ಠಿಯ ಹಳೆಯ ‘ನ್’ ಅನ್ನು ಉಳಿಸಿಕೊಂಡಿದೆ: ‘ಲಿನ್ನ’ ಎಂದರೆ ಕೋಟೆ, ‘ಲಿನ್ನನ್’ ಎಂದರೆ ಕೋಟೆಯ. ಎಸ್ಟೋನಿಯನ್‌ನಲ್ಲಿ ಪದದ ಕೊನೆಯ ಸ್ವರ ಸವೆದು ಪ್ರಥಮೆ ‘ಲಿನ್’ ಆಯಿತು; ಅಲ್ಲಿ ಅದರ ಅರ್ಥ ಪಟ್ಟಣ. ಷಷ್ಠಿಯಲ್ಲಿ ‘ನ್’ ಆ ಸ್ವರವನ್ನು ಕಾಯ್ದು, ಬಳಿಕ ತಾನೇ ಬಿದ್ದುಹೋಯಿತು. ಹೀಗಾಗಿ ಫಿನ್ನರ ಬಾಯಲ್ಲಿ ‘ಕೋಟೆ’ ಎಂದಷ್ಟೇ ಹೇಳುವ ‘ಲಿನ್ನ’, ಎಸ್ಟೋನಿಯನ್ನರ ಬಾಯಲ್ಲಿ ‘ಪಟ್ಟಣದ’ ಎಂದಾಗಿ, ಮುಂದೆ ‘ಮ್ಯೂರ್’ ಎಂಬ ಗೋಡೆಯನ್ನು ಸೇರಿಸಿಕೊಂಡು ನಗರದ ಕೋಟೆಗೋಡೆಯ ಹೆಸರಾಗಿದೆ.