ಪದ ಪರಿಚಯ: ಹಸಿರು ಸಂಶ್ಲೇಷಣೆ

ಈಚೆಗೆ ಶಿರಸಿಯಲ್ಲಿ ಒಂದು ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಎರಡು ಬ್ಯಾನರುಗಳ ಮೇಲೆ ‘ಹಸಿರು ತಾಮ್ರ’ ಎಂದಿತ್ತು. ಇನ್ನೊಂದರ ಮೇಲೆ ‘ರಾಸಾಯನಿಕ ಮುಕ್ತ ತಾಮ್ರ’. ಮತ್ತೊಂದರಲ್ಲಂತೂ ಸೂರ್ಯ, ಎಲೆ, ಬಾಣದ ಗುರುತು, ಬಾಣದ ತುದಿಯಲ್ಲಿ ತಾಮ್ರದ ನ್ಯಾನೋಕಣ! ಸಾಕಾಗಿ ಮನೆಗೆ ಬಂದರೆ ಪಕ್ಕದ ತೋಟದ ಭಾವ ಒಂದು ಬಾಟಲಿ ಹಿಡಿದು ಜಗಲಿಯಲ್ಲಿ ಕೂತಿದ್ದ. “ಇದು ಗ್ರೀನ್ ಕಾಪರ್ ಅಂತೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದರೆ ಮೈಲುತುತ್ತದ ಹಾಗೆ ವಿಷ ಅಲ್ಲವಂತೆ. ಹೌದಾ?”

ಅದಕ್ಕೇ ಈ ಬರಹ. ಎಲೆ, ಸಿಪ್ಪೆಗಳ ಕಷಾಯದಿಂದ ತಾಮ್ರದ ಅತಿ ಸಣ್ಣ ಕಣ ಮಾಡುವುದಕ್ಕೆ ವಿಜ್ಞಾನಿಗಳು ಹೇಳುವ ಹೆಸರು ‘ತಾಮ್ರ ಆಧಾರಿತ ನ್ಯಾನೋರಚನೆಗಳ ಹಸಿರು ಸಂಶ್ಲೇಷಣೆ’. ರಾಸಾಯನಿಕ ಕ್ರಿಯೆ ಚುರುಕು ಮಾಡಲು, ಮೇಲ್ಮೈಗೆ ಲೇಪ ಕೊಡಲು ಅವು ಬೇಕು.

ಮೊದಲು ವ್ಯಾಕರಣ. ‘ಹಸಿರು ಸಂಶ್ಲೇಷಣೆ’ ಎಂಬಲ್ಲಿ ಹಸಿರು ಅಂಟಿಕೊಂಡಿರುವುದು ಸಂಶ್ಲೇಷಣೆಗೆ, ಅಂದರೆ ತಯಾರಿಸುವ ಬಗೆಗೆ. ತಯಾರಾದ ವಸ್ತುವಿಗೆ ಅಲ್ಲ. ಸೋಲಾರ್ ಡ್ರೈಯರಿನಲ್ಲಿ ಒಣಗಿಸಿದ ಅಡಿಕೆಯೂ ಅಡಿಕೆಯೇ ಅಲ್ವಾ? ಹಾಗೆಯೇ ಎಲೆಯ ಕಷಾಯದಲ್ಲಿ ಮಾಡಿದ ತಾಮ್ರವೂ ತಾಮ್ರವೇ. ‘ಹಸಿರು ತಾಮ್ರ’ ಎಂದಕೂಡಲೇ ವಿಶೇಷಣ ಒಂದು ಪದದಿಂದ ಇನ್ನೊಂದಕ್ಕೆ ಜಾರಿತು. ಭಾವನ ಬಾಟಲಿ ಮಾರಾಟವಾಗುವುದು ಆ ಜಾರುವಿಕೆಯ ಮೇಲೆ.

ಹಸಿರು ಎಂಬ ಪದವೇ ಸ್ವಲ್ಪ ಜಾರುವಂಥದ್ದು. ಹಳಗನ್ನಡದಲ್ಲಿ ಅದು ಪಸಿರ್, ಪಸುರ್. ಹಸಿ ಎಂಬುದೂ ಅದೇ ಬೇರಿನದು. ತಮಿಳಿನ ಪಚ್ಚೈ ಇವತ್ತಿಗೂ ಹಸಿರು, ಹಸಿ ಎರಡನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮಲ್ಲಿ ಎರಡೂ ಬೇರೆಯಾದವು: ಹಸಿರು ಬಣ್ಣಕ್ಕೆ, ಹಸಿ ಬೇಯದ್ದಕ್ಕೆ, ಒಣಗದ್ದಕ್ಕೆ. ಹಸುಳೆಯೂ ಇದೇ ಮನೆತನ. ‘ಹಸಿ ಸುಳ್ಳು’ ಕೂಡ. ಬ್ಯಾನರುಗಳನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ಆ ಕೊನೆಯ ನೆಂಟನೇ.

ಪರಿಸರಕ್ಕೆ ಹಿತವಾದದ್ದು ಎಂಬ ಅರ್ಥ ಹಸಿರಿಗೆ ತೀರಾ ಈಚಿನದು, ಇಂಗ್ಲಿಷಿನಿಂದ ಬಂದದ್ದು. ತಾಮ್ರದ ವಿಷಯದಲ್ಲಿ ಈ ಹೊಸ ಅರ್ಥ ಹಳೆಯದಕ್ಕೆ ಪೂರ್ತಿ ಉಲ್ಟಾ. ತಾಮ್ರದ ಹಂಡೆಗೆ, ಹಿತ್ತಾಳೆಯ ಚೊಂಬಿಗೆ ಹಿಡಿಯುವ ಹಸಿರು ಯಾವುದು? ಕಿಲುಬು. ಕಿಲುಬು ಹಿಡಿದ ಪಾತ್ರೆಯಲ್ಲಿ ಮಜ್ಜಿಗೆ ಇಡಬೇಡ ಎಂದು ಅಜ್ಜಿ ಬೈಯುತ್ತಿದ್ದದ್ದು ಸುಮ್ನೆ ಅಲ್ಲ. 1775ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನ ವಿಜ್ಞಾನಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಚೆಂದದ ಹಸಿರು ಬಣ್ಣ ಮಾಡಿದ. ಯುರೋಪಿನವರು ಅದನ್ನು ಗೋಡೆ ಕಾಗದಕ್ಕೆಲ್ಲ ಬಳಿದುಕೊಂಡು ಕಾಯಿಲೆ ಬಿದ್ದರು. ಆಮೇಲೆ ಬಂದ ‘ಪ್ಯಾರಿಸ್ ಗ್ರೀನ್’ ಕೂಡ ಅದೇ ಜಾತಿ, ಕೀಟ ಕೊಲ್ಲಲು ಬಳಸಿದರು. ಬಣ್ಣ ನೋಡಿ ಹೇಳುವುದಾದರೆ ತಾಮ್ರದಲ್ಲಿ ಹಸಿರಿದ್ದಲ್ಲಿ ಹುಷಾರಾಗಿರಬೇಕು.

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಮಾತು ಬಂದದ್ದಕ್ಕೆ ಅದನ್ನೂ ಹೇಳಿಬಿಡುತ್ತೇನೆ. ತುತ್ಥ ಸಂಸ್ಕೃತ. ಮೈಲು ಎಂದರೆ ನವಿಲು: ತಮಿಳಿನ ಮಯಿಲ್, ಸಂಸ್ಕೃತದ ಮಯೂರ. ನವಿಲಿನ ಕೊರಳಿನ ನೀಲಿ ಅದು. ಮೈಲಿಗೆಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು.

ಇನ್ನು ಸಂಶ್ಲೇಷಣೆ. ಸೂರ್ಯ, ಬಾಣ, ಎಲೆ ಎಲ್ಲ ಬಂದದ್ದು ಇಲ್ಲಿಂದ. ಹೈಸ್ಕೂಲಿನಲ್ಲಿ ‘ದ್ಯುತಿಸಂಶ್ಲೇಷಣೆ’ ಬಾಯಿಪಾಠ ಮಾಡಿದ ಮಕ್ಕಳಿಗೆ ಎಲೆ, ಹಸಿರು, ಸಂಶ್ಲೇಷಣೆ ಮೂರೂ ಒಟ್ಟಿಗೆ ಕಂಡರೆ ಸೂರ್ಯ ತಾನಾಗಿ ಹುಟ್ಟುತ್ತಾನೆ. ಶ್ಲಿಷ್ ಎಂದರೆ ಅಂಟು, ಅಪ್ಪು. ಆಶ್ಲೇಷಾ ನಕ್ಷತ್ರ, ಎರಡರ್ಥದ ಶ್ಲೇಷೆ, ಗಂಟಲಿಗೆ ಅಂಟುವ ಶ್ಲೇಷ್ಮ ಎಲ್ಲ ಅಲ್ಲಿಂದಲೇ. ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು, ಅಷ್ಟೇ. ಬೆಳಕು ಬೇಕೆಂದಿಲ್ಲ. ಎಲೆ ಬದುಕಿರಬೇಕೆಂದೂ ಇಲ್ಲ. ನಿಜ ಹೇಳಬೇಕೆಂದರೆ ಎಲೆಯನ್ನು ಒಣಗಿಸಿ, ಪುಡಿಮಾಡಿ, ಕುದಿಸಿ, ಸೋಸಿರುತ್ತಾರೆ. ಅದರ ಪತ್ರಹರಿತ್ತು ಇಲ್ಲಿ ಮುಖ್ಯವೇ ಅಲ್ಲ.

ಹಾಗಾದರೆ ಮುಖ್ಯ ಯಾವುದು? ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುತ್ತದಲ್ಲ, ಬಟ್ಟೆಗೆ ಬಿದ್ದರೆ ಹೋಗದ ಕೆಂಪು ನೀರು, ಅದು. ಪುಸ್ತಕದ ಭಾಷೆಯಲ್ಲಿ ಟ್ಯಾನಿನ್, ಪಾಲಿಫಿನಾಲ್. ಇವಕ್ಕೆ ಎಲೆಕ್ಟ್ರಾನ್ ಕೊಡುವ ಗುಣ ಇದೆ. ಮೈಲುತುತ್ತದ ನೀರಿನಲ್ಲಿ ಕರಗಿದ ತಾಮ್ರ ಎರಡು ಎಲೆಕ್ಟ್ರಾನ್ ಕಳಕೊಂಡ ಸ್ಥಿತಿಯಲ್ಲಿರುತ್ತದೆ. ಅವು ವಾಪಸು ಸಿಕ್ಕರೆ ಲೋಹವಾಗುತ್ತದೆ. ಇದಕ್ಕೆ ಅಪಕರ್ಷಣ ಎನ್ನುತ್ತಾರೆ.

ಅಪಕರ್ಷಣವನ್ನು ತೋಟದವರಿಗೆ ಕಲಿಸಬೇಕಾಗಿಲ್ಲ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಏನು ಮಾಡುತ್ತೀರಿ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆಮೇಲೆ ಕತ್ತಿಯ ತುದಿ ಅದ್ದಿ ನೋಡುತ್ತೀರಿ. ಕೆಂಪು ಹತ್ತಿದರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಕತ್ತಿಯ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿತು, ತಾಮ್ರ ತೆಗೆದುಕೊಂಡು ಲೋಹವಾಗಿ ಕೂತಿತು. ಪ್ರಯೋಗಾಲಯದಲ್ಲಿ ಕತ್ತಿಯ ಬದಲು ಮುರುಗಲು ಸಿಪ್ಪೆಯದೋ ಗೇರು ಎಲೆಯದೋ ಕಷಾಯ ಇರುತ್ತದೆ. ಹುಟ್ಟಿದ ಕಣಗಳು ಮುದ್ದೆಯಾಗದಂತೆ ಅದೇ ಚೊಗರು ಮೇಲೆ ಪದರವಾಗಿ ಸುತ್ತಿಕೊಳ್ಳುತ್ತದೆ. ಕಷಾಯದ ಕೆಲಸ ಈ ಎರಡೇ.

ಇದರಲ್ಲಿ ಒಂದು ತೊಡಕಿದೆ, ಬ್ಯಾನರಿನವರು ಅದನ್ನು ಮುಟ್ಟುವುದೇ ಇಲ್ಲ. ಬೆಳ್ಳಿ ಸುಲಭಕ್ಕೆ ಲೋಹವಾಗುತ್ತದೆ, ಅದರ ಅಪಕರ್ಷಣ ವಿಭವ (ಎಲೆಕ್ಟ್ರಾನ್ ತೆಗೆದುಕೊಳ್ಳುವ ಒಲವಿನ ಅಳತೆ) 0.80 ವೋಲ್ಟ್. ತಾಮ್ರದ್ದು 0.34. ಲೋಹವಾಗಲು ಅಷ್ಟು ಉತ್ಸಾಹವಿಲ್ಲ. ಆದಮೇಲೂ ಗಾಳಿ ಸೋಕಿದರೆ ಆಕ್ಸೈಡ್ ಆಗಲು ಹೊರಡುತ್ತದೆ. ಹಾಗಾಗಿ ‘ತಾಮ್ರದ ನ್ಯಾನೋಕಣ’ ಎಂದು ಸೀಸೆಯಲ್ಲಿ ತೋರಿಸುವುದು ಎಷ್ಟೋ ಸಲ ತಾಮ್ರವೇ ಅಲ್ಲ. ಕಪ್ಪಗಿದ್ದರೆ ಅದು ಬಹುಮಟ್ಟಿಗೆ ಕ್ಯುಪ್ರಿಕ್ ಆಕ್ಸೈಡ್. ಇಟ್ಟಿಗೆ ಕೆಂಪಾಗಿದ್ದರೆ ಕ್ಯುಪ್ರಸ್ ಆಕ್ಸೈಡ್ ಇರಬಹುದು. ಬೆನೆಡಿಕ್ಟ್ ದ್ರಾವಣದಲ್ಲಿ ಸಕ್ಕರೆ ಪರೀಕ್ಷೆ ಮಾಡಿದಾಗ ತಳದಲ್ಲಿ ಕೂರುವ ಕೆಂಪು ಅದೇ. ಕಣ್ಣಿಂದ ನೋಡಿ ತೀರ್ಪು ಹೇಳುವ ಹಾಗಿಲ್ಲ, ಎಕ್ಸ್-ರೇ ವಿವರ್ತನೆ ಎಂಬ ಪರೀಕ್ಷೆ ಮಾಡಿಸಬೇಕು. “ಬಣ್ಣ ಬದಲಾಯಿತು ಸರ್, ಕಣ ಆಯಿತು” ಎಂದು ಒಬ್ಬ ಹುಡುಗ ಹೇಳಿದ. ನೀಲಿ ನೀರಿಗೆ ಕಂದು ಕಷಾಯ ಸುರಿದರೆ ಬಣ್ಣ ಬದಲಾಗದೆ ಇನ್ನೇನಾಗುತ್ತದೆ ಮಾರಾಯ? ತಾಮ್ರ, ಅದರ ಎರಡು ಆಕ್ಸೈಡುಗಳು, ಇವುಗಳ ಬೆರಕೆ, ಎಲ್ಲಕ್ಕೂ ಒಟ್ಟಿಗೆ ‘ತಾಮ್ರ ಆಧಾರಿತ’ ಎನ್ನುವುದು ಅದಕ್ಕೇ. ಗುಂಡಗಿನ ಕಣ ಮಾತ್ರವಲ್ಲ, ಕಡ್ಡಿ, ಹಾಳೆ, ಹೂವಿನಂಥ ಆಕಾರಗಳೂ ಇರುತ್ತವೆ, ಹಾಗಾಗಿ ‘ರಚನೆ’.

ಇಷ್ಟು ಚಿಕ್ಕದಾಗಿ ಯಾಕೆ ಮಾಡಬೇಕು? ಒಂದು ಘನ ಸೆಂಟಿಮೀಟರ್ ತಾಮ್ರ ತಗೊಳ್ಳಿ, ಒಂಬತ್ತು ಗ್ರಾಂ ತೂಗುತ್ತದೆ. ಅದನ್ನು ಹತ್ತು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್. ಹತ್ತಿರ ಹತ್ತಿರ ಆರು ಗುಂಟೆ. ಕ್ರಿಯಾವರ್ಧಕ ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು, ಅದರ ಕೆಲಸ ನಡೆಯುವುದು ಮೈಮೇಲೆ ತಾನೇ? ಅದಕ್ಕೇ ಈ ಆಸೆ. (ಕ್ರಿಯಾವರ್ಧಕವನ್ನು ಹೆಪ್ಪಿಗೆ ಹೋಲಿಸುವ ಚಾಳಿ ಬಿಡಿ. ಹೆಪ್ಪು ಹಾಲಿನಲ್ಲಿ ಬೆಳೆಯುತ್ತದೆ. ಕ್ರಿಯಾವರ್ಧಕ ಬೆಳೆಯುವುದಿಲ್ಲ, ಖರ್ಚೂ ಆಗುವುದಿಲ್ಲ.) ಅಂದಹಾಗೆ, ಸುತ್ತಿಕೊಂಡ ಚೊಗರು ಆರು ಗುಂಟೆಯಲ್ಲಿ ಸ್ವಲ್ಪ ಭಾಗಕ್ಕೆ ಬೇಲಿ ಹಾಕಿಬಿಡುತ್ತದೆ, ಅದೂ ಲೆಕ್ಕಕ್ಕೆ ಬರಬೇಕು.

ತಾಮ್ರ ಕ್ರಿಯಾವರ್ಧಕವಾಗಿ ಸಣ್ಣ ಆಳಲ್ಲ. ಅಣುಗಳನ್ನು ಥಟ್ಟನೆ ಜೋಡಿಸುವ, 2022ರ ರಸಾಯನಶಾಸ್ತ್ರದ ನೊಬೆಲ್ ಪಡೆದ ‘ಕ್ಲಿಕ್’ ಕ್ರಿಯೆಯ ಹೃದಯದಲ್ಲಿರುವುದು ತಾಮ್ರ. ಆದರೆ ನಮ್ಮ ಪ್ರದರ್ಶನಗಳಲ್ಲಿ ಕಾಣುವುದು ಒಂದೇ ಪ್ರಯೋಗ: ಹಳದಿ ನೈಟ್ರೋಫಿನಾಲ್ ನೀರಿಗೆ ಕಣ ಹಾಕಿ ಬಣ್ಣ ಹೋಗಿಸುವುದು. ಚೆನ್ನಾಗಿದೆ, ಚಪ್ಪಾಳೆ. ಆದರೆ ಜೊತೆಗೆ ಸೋಡಿಯಂ ಬೋರೋಹೈಡ್ರೈಡ್ ಹಾಕಿರುತ್ತಾರೆ. ಅದು ವಿಷ, ಮೈಕೈ ಸುಡುವಂಥದ್ದು. ‘ರಾಸಾಯನಿಕ ಮುಕ್ತ’ ಬ್ಯಾನರಿನ ಕೆಳಗೇ ಅದರ ಡಬ್ಬಿ ಇತ್ತು!

ಮೇಲ್ಮೈಗೆ ಬಳಿಯುವ ವಿಷಯದಲ್ಲಿ ಕಾರವಾರದ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ದೊಡ್ಡ ಹಡಗುಗಳ ತಳ ಕೆಂಪಾಗಿರುವುದಕ್ಕೆ ಒಂದು ಕಾರಣ ಪೇಂಟಿನಲ್ಲಿರುವ ಕ್ಯುಪ್ರಸ್ ಆಕ್ಸೈಡ್. ಅದು ಮೆಲ್ಲಗೆ ತಾಮ್ರ ಬಿಡುತ್ತದೆ, ಚಿಪ್ಪಿನ ಜೀವಿಗಳು ಬಂದು ಅಂಟುವುದಿಲ್ಲ. ಬಾಗಿಲ ಹಿಡಿಕೆಗೆ, ಬಟ್ಟೆಗೆ ತಾಮ್ರದ ಲೇಪ ಕೊಡುವುದರ ಹಿಂದಿನ ತತ್ವವೂ ಇದೇ: ಸೂಕ್ಷ್ಮಜೀವಿ ಸಾಯಬೇಕು. ಕೊಲ್ಲುವುದೇ ಕೆಲಸವಾದ ವಸ್ತುವಿಗೆ ‘ನಿರುಪದ್ರವಿ’ ಎಂದು ಚೀಟಿ ಅಂಟಿಸುವುದು ಯಾವ ನ್ಯಾಯ?

‘ಹಸಿರು’ ಎನ್ನಲು ಒಂದು ಅಳತೆಗೋಲು ಇದೆ. ಅಮೆರಿಕದ ರಸಾಯನ ವಿಜ್ಞಾನಿಗಳಾದ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಕೊಟ್ಟರು. ಕಸ ಹುಟ್ಟದಂತೆ ನೋಡಿಕೊಳ್ಳುವುದು ಮೊದಲನೆಯದು. ಶಕ್ತಿ ಉಳಿಸುವುದು ಆರನೆಯದು, ಮತ್ತೆ ಬೆಳೆಯುವ ಕಚ್ಚಾವಸ್ತು ಏಳನೆಯದು, ಕ್ರಿಯಾವರ್ಧಕ ಬಳಸುವುದು ಒಂಬತ್ತನೆಯದು. ಎಲೆ ಎಂಬ ಮಾತೇ ಅಲ್ಲಿಲ್ಲ. ಎಲೆ ಹಾಕಿ ಏಳನೆಯದನ್ನು ಗೆದ್ದು, ಕುಲುಮೆಯಲ್ಲಿ 500 ಡಿಗ್ರಿಗೆ ಗಂಟೆಗಟ್ಟಲೆ ಕಾಯಿಸಿ ಆರನೆಯದನ್ನು ಸೋತರೆ, ಲೆಕ್ಕ ಎರಡನ್ನೂ ಹಿಡಿಯಬೇಕು. ಎಲೆಯೇ ಇಲ್ಲದ ಹಸಿರು ಸಂಶ್ಲೇಷಣೆಯೂ ಇರಬಹುದು.

ಭಾವನಿಗೆ ಹೇಳಿದ್ದು ಇಷ್ಟು. ಕೊಳೆಗೆ ತಾಮ್ರ ಕೆಲಸ ಮಾಡುವುದು ಅದು ರೋಗಾಣುವನ್ನು ಕೊಲ್ಲುವುದರಿಂದ. ಬಾಟಲಿಯದೂ ಕೊಂದರೆ ಅದೂ ವಿಷವೇ, ಕೊಲ್ಲದಿದ್ದರೆ ದುಡ್ಡು ದಂಡ. ತೋಟದಿಂದ ಹಳ್ಳಕ್ಕೆ ಇಳಿದರೆ ಮೀನಿಗೆ, ಅಘನಾಶಿನಿಯಲ್ಲಿ ಕೆಳಗೆ ಹೋದರೆ ತದಡಿಯ ಚಿಪ್ಪಿಕಲ್ಲಿಗೆ, ತಾಮ್ರ ಎಲೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಗೊತ್ತಾಗುವುದಿಲ್ಲ. ಕಣ ಚಿಕ್ಕದಾದ್ದರಿಂದ ಕಡಿಮೆ ತಾಮ್ರ ಸಾಕಾಗಬಹುದು, ಆ ವಾದ ಬೇರೆ, ಅದಕ್ಕೆ ಪುರಾವೆ ಕೇಳು ಎಂದೆ. ಅವನು ಬಾಟಲಿ ತಿರುಗಿಸಿ ನೋಡಿದ. ಪುರಾವೆ ಬರೆದಿರಲಿಲ್ಲ, ಎಲೆಯ ಚಿತ್ರ ಇತ್ತು.

ಆ ಹುಡುಗನಿಗೂ ಬ್ಯಾನರ್ ಸರಿಮಾಡಿಕೊಟ್ಟಿದ್ದೆ: ‘ಮುರುಗಲು ಸಿಪ್ಪೆಯ ಕಷಾಯದಿಂದ ತಯಾರಿಸಿದ, ತಾಮ್ರದ ಆಕ್ಸೈಡ್ ಇರಬಹುದಾದ ನ್ಯಾನೋಕಣಗಳು’. ಎರಡು ಸಲ ಓದಿಕೊಂಡ.

“ಸರ್, ಆರಡಿ ಬ್ಯಾನರಿನಲ್ಲಿ ಇದು ಹಿಡಿಸುವುದಿಲ್ಲ.”