ಎಷ್ಟು ಕ್ಯೂಸೆಕ್ ಅಂತ ಕೇಳಿದ ಮೇಲೆ, ಎಷ್ಟು ದಿನ ಅಂತಲೂ ಕೇಳಿ

ಜುಲೈ ಬಂತೆಂದರೆ ಟಿವಿಯ ಕೆಳಗಿನ ಪಟ್ಟಿಯಲ್ಲಿ ಕ್ಯೂಸೆಕ್, ಟಿಎಂಸಿಗಳ ಓಟ ಶುರು. ಕೆಆರ್‌ಎಸ್ ಒಳಹರಿವು ಇಷ್ಟು, ಹೊರಹರಿವು ಇಷ್ಟು, ಮಟ್ಟ ಇಷ್ಟು ಅಡಿ. ಮಂಡ್ಯ, ಮೈಸೂರು, ಹೊಸಪೇಟೆ ಕಡೆ ಟೀ ಅಂಗಡಿಯಲ್ಲೂ ಇದೇ ಮಾತು. ಇಷ್ಟು ಬಳಕೆಯಲ್ಲಿರುವ ವಿಜ್ಞಾನದ ಪದ ನಮ್ಮಲ್ಲಿ ಬೇರೆ ಇದೆಯೋ ಇಲ್ಲವೋ. ಆದರೂ "ಡ್ಯಾಂನಲ್ಲಿ ಈಗ 30 ಸಾವಿರ ಕ್ಯೂಸೆಕ್ ನೀರಿದೆ" ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಡ್ಯಾಂನಲ್ಲಿ ಕ್ಯೂಸೆಕ್ ಇರಲು ಸಾಧ್ಯವೇ ಇಲ್ಲ. ಕ್ಯೂಸೆಕ್ ಹರಿಯುವ ನೀರಿನ ಅಳತೆ, ನಿಂತ ನೀರಿನದ್ದಲ್ಲ.

ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು ಹಾದುಹೋದರೆ ಅದು ಒಂದು ಕ್ಯೂಸೆಕ್. ಒಂದು ಘನ ಅಡಿ ಅಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ, ಲೀಟರಿನಲ್ಲಿ ಹೇಳುವುದಾದರೆ 28.3. ಒಂದಡಿ ಅಗಲದ ಕಾಲುವೆಯಲ್ಲಿ ಒಂದಡಿ ಆಳಕ್ಕೆ ನೀರಿದ್ದು, ಅದು ಸೆಕೆಂಡಿಗೆ ಒಂದಡಿ ಮುಂದಕ್ಕೆ ಹೋಗುತ್ತಿದ್ದರೆ, ನಿಮ್ಮ ಕಣ್ಣೆದುರು ಇರುವುದು ಸರಿಯಾಗಿ ಒಂದು ಕ್ಯೂಸೆಕ್. ಸಣ್ಣದು ಅನ್ನಿಸುತ್ತದೆ, ಅಲ್ವಾ? ಆದರೆ ಅದಕ್ಕೆ 5 ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಒಡ್ಡಿದರೆ ಮೂರೇ ನಿಮಿಷಕ್ಕೆ ತುಂಬಿಬಿಡುತ್ತದೆ. ಅದೇ ನೀರನ್ನು ಒಂದು ಹಗಲು ಒಂದು ರಾತ್ರಿ ಒಂದು ಎಕರೆ ಗದ್ದೆಗೆ ಬಿಟ್ಟರೆ ಸುಮಾರು ಎರಡು ಅಡಿ ನೀರು ನಿಲ್ಲುತ್ತದೆ.

ನೀರು ಎಷ್ಟು ಹೊತ್ತು ಹರಿಯಿತು ಅನ್ನುವುದು ಕ್ಯೂಸೆಕ್‌ನಲ್ಲಿ ಇರುವುದಿಲ್ಲ. 10 ಸಾವಿರ ಕ್ಯೂಸೆಕ್ ನೀರನ್ನು ಒಂದು ಗಂಟೆ ಬಿಟ್ಟರೂ ಅದು 10 ಸಾವಿರ ಕ್ಯೂಸೆಕ್ಕೇ, ಒಂದು ತಿಂಗಳು ಬಿಟ್ಟರೂ 10 ಸಾವಿರ ಕ್ಯೂಸೆಕ್ಕೇ. ಹಾಗಾಗಿ "10 ಸಾವಿರ ಕ್ಯೂಸೆಕ್ ನೀರು ಬಿಟ್ಟರು" ಅನ್ನುವ ಸುದ್ದಿ ಅರ್ಧ ಸುದ್ದಿ. ಎಷ್ಟು ದಿನ ಅಂತ ಹೇಳದಿದ್ದರೆ ಎಷ್ಟು ನೀರು ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. "ಸೆಕೆಂಡಿಗೆ 5 ಸಾವಿರ ಕ್ಯೂಸೆಕ್" ಅಂತಲೂ ಬರೆಯುತ್ತಾರೆ. ಕ್ಯೂಸೆಕ್ ಒಳಗೇ ಸೆಕೆಂಡ್ ಇದೆ, ಮತ್ತೆ ಸೇರಿಸುವುದು ಬೇಡ.

ಟಿಎಂಸಿ ಹಾಗಲ್ಲ. ಅದು ಶುದ್ಧ ಪ್ರಮಾಣ. ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಲೀಟರಿನಲ್ಲಿ ಸುಮಾರು 2,831 ಕೋಟಿ. ಬ್ರಿಟಿಷರ ಕಾಲದ ಎಂಜಿನಿಯರುಗಳು ಅಡಿಯಲ್ಲಿ ಅಳೆಯುತ್ತಿದ್ದರು. ಮೀಟರ್ ಬಂದು ಎಷ್ಟೋ ವರ್ಷ ಆದರೂ ನಮ್ಮ ನಾಲೆ, ಅಣೆಕಟ್ಟುಗಳ ಲೆಕ್ಕ ಅಡಿಯಲ್ಲೇ ಉಳಿದಿದೆ. ಇರಲಿ, ಅದರಿಂದ ತೊಂದರೆ ಏನಿಲ್ಲ.

ಇವೆರಡನ್ನೂ ಜೋಡಿಸುವುದು ದಿನದ ಲೆಕ್ಕ. ದಿನಕ್ಕೆ 86,400 ಸೆಕೆಂಡ್. ಹಾಗಾಗಿ ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. 10 ಸಾವಿರ ಕ್ಯೂಸೆಕ್ ಆದರೆ ದಿನಕ್ಕೆ 0.864, ಒಂದು ಟಿಎಂಸಿಗೆ ಸ್ವಲ್ಪ ಕಡಿಮೆ.

ಈಗ 2016ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ತಮಿಳುನಾಡಿಗೆ 15 ಸಾವಿರ ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಮಂಡ್ಯ, ಬೆಂಗಳೂರು ಎಲ್ಲ ಕಡೆ ಬೆಂಕಿ ಹತ್ತಿಕೊಂಡಿತು. ಎಲ್ಲರ ಬಾಯಲ್ಲೂ ಇದ್ದದ್ದು 15 ಸಾವಿರ ಅನ್ನುವ ಅಂಕಿ. ಗುಣಿಸಿ ನೋಡಿದರೆ ಅದು ಸುಮಾರು 13 ಟಿಎಂಸಿ. ತುಂಬಿದ ಕೆಆರ್‌ಎಸ್‌ನಲ್ಲಿ ಇರುವುದು 49.45 ಟಿಎಂಸಿ, ಆ ವರ್ಷವೋ ಡ್ಯಾಂ ತುಂಬಿರಲೇ ಇಲ್ಲ. ರೈತರ ಆತಂಕ ಎಷ್ಟು ನಿಜ ಅನ್ನುವುದು 15 ಸಾವಿರಕ್ಕಿಂತ ಈ 13ರಲ್ಲಿ ಚೆನ್ನಾಗಿ ಕಾಣುತ್ತದೆ. 2023ರ ಆಗಸ್ಟ್ ಕೊನೆಯಲ್ಲಿ ಬಂದ ಆದೇಶ 5 ಸಾವಿರ ಕ್ಯೂಸೆಕ್, 15 ದಿನ. ಕೇಳಲು ಮೂರನೇ ಒಂದು ಭಾಗ. ದಿನ ಜಾಸ್ತಿ ಇದ್ದದ್ದರಿಂದ ಒಟ್ಟು ನೀರು 6.48 ಟಿಎಂಸಿ, ಅಂದರೆ ಮೊದಲಿನದರ ಸರಿಯಾಗಿ ಅರ್ಧ.

ಇನ್ನೊಂದು ವಿಷಯ. ತಮಿಳುನಾಡಿಗೆ ಹೋದ ನೀರಿನ ಲೆಕ್ಕ ಹಿಡಿಯುವುದು ಕೆಆರ್‌ಎಸ್ ಗೇಟಿನಲ್ಲಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ನಡುವೆ ಕಬಿನಿ, ಶಿಂಷಾ, ಅರ್ಕಾವತಿ ಎಲ್ಲ ಸೇರುತ್ತವೆ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ನದಿಯನ್ನು ಅಳೆಯುವ ಕ್ರಮ ಕೇಳಿದರೆ ತುಂಬಾ ಸರಳ: ನದಿಯ ಅಗಲವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಒಂದೊಂದು ಪಟ್ಟಿಯಲ್ಲೂ ಆಳ ನೋಡಿ, ನೀರಿನ ಹೊಡೆತಕ್ಕೆ ತಿರುಗುವ ಸಣ್ಣ ಮೀಟರ್ ಇಳಿಸಿ ವೇಗ ನೋಡಿ, ಅಗಲ, ಆಳ, ವೇಗ ಮೂರನ್ನೂ ಗುಣಿಸಿ, ಎಲ್ಲ ಪಟ್ಟಿಗಳನ್ನು ಕೂಡುತ್ತಾರೆ. ನೀರು ಬೇರೆ ಬೇರೆ ಮಟ್ಟದಲ್ಲಿ ಇದ್ದಾಗ ಹೀಗೆ ಅಳೆದು ಒಂದು ಕೋಷ್ಟಕ ಮಾಡಿಟ್ಟುಕೊಂಡರೆ, ಆಮೇಲೆ ಮಟ್ಟ ನೋಡಿದರೆ ಕ್ಯೂಸೆಕ್ ಗೊತ್ತಾಗುತ್ತದೆ. ಸುಪ್ರೀಂ ಕೋರ್ಟ್‌ನ 2018ರ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಇಲ್ಲಿ ದಾಟಬೇಕಾದದ್ದು 177.25 ಟಿಎಂಸಿ. ನೋಡಿ, ವರ್ಷದ ಪಾಲನ್ನು ಟಿಎಂಸಿಯಲ್ಲೇ ಹೇಳಬೇಕು, ಕ್ಯೂಸೆಕ್‌ನಲ್ಲಿ ಹೇಳಲು ಬರುವುದಿಲ್ಲ.

ಒಂದು ಟಿಎಂಸಿಗೆ ಏನು ಬೆಲೆ? ಒಂದಡಿ ಆಳಕ್ಕೆ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ. ಭತ್ತದ ಒಂದು ಬೆಳೆಗೆ ಒಟ್ಟು ನಾಲ್ಕು ಅಡಿ ನೀರು ಬೇಕು ಅಂದುಕೊಂಡರೆ, ನಾಲೆಯಲ್ಲಿ ಸೋರುವುದನ್ನು ಬಿಟ್ಟೂ, 6 ಸಾವಿರ ಎಕರೆಗೆ ಕೂಡ ಸಾಲುವುದಿಲ್ಲ. ಬೆಂಗಳೂರಿನ ಕಡೆಯಿಂದ ನೋಡಿದರೆ, ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬರುವ ಮುಂಚೆ ನಗರಕ್ಕೆ ಕಾವೇರಿಯಿಂದ ಬರುತ್ತಿದ್ದದ್ದು ದಿನಕ್ಕೆ 145 ಕೋಟಿ ಲೀಟರ್. ಒಂದು ಟಿಎಂಸಿ ಅದಕ್ಕೆ 19 ದಿನದ ನೀರು.

ಡ್ಯಾಂನ ಅಡಿ ಲೆಕ್ಕವೂ ಇಷ್ಟೇ ಜನರನ್ನು ದಾರಿ ತಪ್ಪಿಸುತ್ತದೆ. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ. 100 ಅಡಿ ಇದೆ ಅಂದರೆ ಐದರಲ್ಲಿ ನಾಲ್ಕು ಭಾಗ ತುಂಬಿದೆ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬಾರದು. ಅರ್ಧಕ್ಕಿಂತ ಕಡಿಮೆ ನೀರು ಇರುತ್ತದೆ. ಕಣಿವೆ ಕೆಳಗೆ ಕಿರಿದು, ಮೇಲೆ ಹೋದಷ್ಟೂ ಹರಡಿಕೊಳ್ಳುತ್ತದೆ, ಹಾಗಾಗಿ ಮೇಲಿನ ಒಂದೊಂದು ಅಡಿಯೂ ಕೆಳಗಿನ ಅಡಿಗಿಂತ ಜಾಸ್ತಿ ನೀರು ಹಿಡಿಯುತ್ತದೆ. ತುಂಬಿದಾಗ ಹಿನ್ನೀರು ಸುಮಾರು 129 ಚದರ ಕಿಲೋಮೀಟರ್ ಹರಡಿರುತ್ತದೆ. ಆಗ ಒಂದಡಿ ಏರಿಕೆ ಅಂದರೆ 1.4 ಟಿಎಂಸಿಯ ಹತ್ತಿರ. ತೀರಾ ತಳದ ನಾಲ್ಕು ಚಿಲ್ಲರೆ ಟಿಎಂಸಿಯನ್ನು ಡೆಡ್ ಸ್ಟೋರೇಜ್ ಅನ್ನುತ್ತಾರೆ, ಅದು ಇದ್ದರೂ ಲೆಕ್ಕಕ್ಕಿಲ್ಲ. ತುಂಗಭದ್ರೆಯಲ್ಲಿ ಇನ್ನೊಂದು ಸಂಕಟ: 133 ಟಿಎಂಸಿ ಹಿಡಿಯಲಿ ಅಂತ ಕಟ್ಟಿದ ಡ್ಯಾಂ, ಹೂಳು ತುಂಬಿ ಈಗ 105 ಚಿಲ್ಲರೆ ಟಿಎಂಸಿಗೆ ಬಂದು ನಿಂತಿದೆ. ಪೂರ್ಣ ಮಟ್ಟ ಮಾತ್ರ ಅದೇ 1,633 ಅಡಿ (ಇಲ್ಲಿ ಅಳೆಯುವುದು ಸಮುದ್ರ ಮಟ್ಟದಿಂದ). ಅಡಿ ನೋಡಿದರೆ ಹೂಳು ಕಾಣುವುದಿಲ್ಲ.

ಅದೇ ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಹೊಸ ಗೇಟ್ ಕೂರಿಸಲು 60 ಟಿಎಂಸಿಯಷ್ಟು ನೀರು ಖಾಲಿ ಮಾಡಬೇಕಾಗಬಹುದು ಅನ್ನುವ ಮಾತು ಬಂತು. ಒಂದು ಲಕ್ಷ ಕ್ಯೂಸೆಕ್‌ನಂತೆ ಬಿಟ್ಟರೆ ಅದು ಏಳು ದಿನದ ಕೆಲಸ, ಆ ಏಳು ದಿನದಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರ ಒಂದು ಬೆಳೆಯ ನೀರು ಹೊಳೆ ಪಾಲು. ಕೊನೆಗೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಅಡ್ಡ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ಹಾಗಾಗಿ ಅಷ್ಟೂ ನೀರನ್ನು ಖಾಲಿ ಮಾಡಬೇಕಾಗಲಿಲ್ಲ. ಲಕ್ಷ ಕ್ಯೂಸೆಕ್ ಹರಿಯುತ್ತಿರುವಾಗ ಕೆಲಸ ಒಂದು ದಿನ ಬೇಗ ಮುಗಿದರೆ 8.64 ಟಿಎಂಸಿ ಉಳಿದಂತೆ.